ಎಡಗಡೆಯ ಜೇಬು

ಶನಿವಾರ, ರೈಲ್ವೆ ಕ್ಲಬ್ಬಿನ ಹಾಲಿನಲ್ಲಿ ಸಿನಿಮಾ.
ಹೊರಗೆ ಕಜಾಕ್ ಹುಲ್ಲುಬಯಲು, ಮೈನಸ್ ಇಪ್ಪತ್ತೆರಡು.
ಒಳಗೆ ಯಾರೂ ಬಿಚ್ಚದ ಕೋಟು, ಒದ್ದೆ ಉಣ್ಣೆಯ ವಾಸನೆ,
ಕೈಕೈಯಲ್ಲಿ ಹುರಿದ ಸೂರ್ಯಕಾಂತಿ ಬೀಜದ ಪೊಟ್ಟಣ.

ನಾನು ಒಂಬತ್ತನೇ ತರಗತಿಗೆ ಭೌತಶಾಸ್ತ್ರ ಹೇಳುವವಳು,
ಸುಮ್ಮನೆ ಕೂರುವ ಜಾಯಮಾನವಲ್ಲ.
ಒಂದು ತಪ್ಪಿಗೆ ಒಂದು ಸಿಪ್ಪೆ, ಎಡಗಡೆಯ ಜೇಬಿಗೆ.
ಸೋಮವಾರ ಮೇಜಿನ ಮೇಲೆ ಸುರಿದು ಕೇಳುವುದು:
ಹೇಳ್ರಪ್ಪ, ಯಾವ್ಯಾವುದು?

ಮೊದಲ ಹತ್ತು ನಿಮಿಷಕ್ಕೇ ಆರು.
ತಿರುವಿನಲ್ಲಿ ನೌಕೆ ಹದ್ದಿನ ಹಾಗೆ ಮಗ್ಗುಲಿಗೆ ವಾಲಿತು,
ರೆಕ್ಕೆ ಒರಗಲು ಅಲ್ಲಿ ಗಾಳಿ ಎಲ್ಲಿದೆ?
ಬಂಡೆಗಳೋ, ಭಾನುವಾರದ ಸಂತೆಯಷ್ಟು ಒತ್ತೊತ್ತು.
ನಾಯಕನ ಹೆಲ್ಮೆಟ್ಟಿನ ಒಳಗೇ ದೀಪ:
ಅವನ ಮುಖ ನಮಗೆ ಕಾಣಬೇಕಲ್ಲ,
ಪಾಪ, ಅವನಿಗೆ ಹೊರಗಿನದು ಏನೂ ಕಾಣದು.
ನಾಯಕಿ ಅತ್ತಳು, ಕಣ್ಣೀರು ಕೆನ್ನೆಗುಂಟ ಇಳಿಯಿತು.
ಇಳಿಯುವುದೆಂದರೇನು?
ಕೆಳಗೆ ಅನ್ನುವುದೇ ಇಲ್ಲದ ಜಾಗದಲ್ಲಿ
ನೀರು ಕಣ್ಣಿನ ಮೇಲೇ ಗುಳ್ಳೆಯಾಗಿ ಕೂರಬೇಕು,
ಎಷ್ಟು ಅತ್ತರೂ ಕಳಚಿಕೊಳ್ಳದೆ.

ಹದಿನಾಲ್ಕನೆಯ ಸಿಪ್ಪೆ ಹಾಕಿ ಕೈ ತೆಗೆಯುವಾಗ
ಶತ್ರುನೌಕೆ ಸಿಡಿಯಿತು.
ಗೋಡೆಯ ಹಳೆಯ ಸ್ಪೀಕರು ಹರಿದುಹೋಗುವಷ್ಟು ಸದ್ದು.
ನಿರ್ವಾತದಲ್ಲಿ! ಇದಕ್ಕೆ ಎರಡು ಹಾಕಬೇಕು
ಎಂದುಕೊಂಡು ಬೀಜ ಕಚ್ಚಿದೆ.

ಆಗ ಕಂಡರು, ಮುಂದಿನ ಸಾಲಿನಲ್ಲಿ, ಎರ್ಗಾಜಿ ಅಜ್ಜ.
ಮೂವತ್ತೊಂದು ವರ್ಷ ಎಂಜಿನ್ ಪರೀಕ್ಷೆಯ ಕಟ್ಟೆಯಲ್ಲಿದ್ದು
ಎರಡೂ ಕಿವಿಗಳನ್ನು ಆ ಬೆಂಕಿಗೇ ಕೊಟ್ಟು ಬಂದವರು.
ನಿಜವಾದ ರಾಕೆಟ್ಟು ಹೇಗೆ ಅರಚುತ್ತದೆಂದು
ಈ ಹಾಲಿನಲ್ಲಿ ಬಲ್ಲವರು ಅವರೊಬ್ಬರೇ.
ಪರದೆಯ ಸಿಡಿತವನ್ನು
ಸರಿಯಾಗಿ, ಶಾಸ್ತ್ರಪ್ರಕಾರ, ನಿಶ್ಶಬ್ದವಾಗಿ
ನೋಡಿದವರೂ ಅವರೊಬ್ಬರೇ.

ಅವರಿಗೆ ಅದು ಸಾಲಲಿಲ್ಲ.
ಪಕ್ಕದ ದಾಮೆತ್ಕೆನ್ ಅಜ್ಜಿಯ ಮೊಣಕೈ ತಿವಿದು
ಅಂಗೈ ಚಾಚಿದರು,
ಅಂಗಡಿಯವನಲ್ಲಿ ಉಳಿದ ಚಿಲ್ಲರೆ ಕೇಳುವ ಹಾಗೆ.
ಅಜ್ಜಿ ಕೈಗವಸು ಕಳಚಿ
ಮುಷ್ಟಿ ಕಟ್ಟಿ ಅದರ ಮೇಲೆ ಗುದ್ದಿದರು:
ಢಂ.
ಚೂರುಗಳು ಹಾರುವಾಗ ಐದೂ ಬೆರಳಿನಲ್ಲಿ ಚಿಟಪಟ.
ನಾಯಕನ ನೌಕೆ ದೂರ ಸರಿಸರಿದಂತೆ
ಒಂದು ಉಗುರು ಮಣಿಕಟ್ಟಿನವರೆಗೆ ಗೀರುತ್ತ ಹೋಗಿ
ನಿಂತಿತು.
ಅಜ್ಜ ನಕ್ಕರು, ಇದ್ದ ಎರಡು ಹಲ್ಲೂ ಕಾಣುವ ಹಾಗೆ,
ಚಾಚಿದ ಕೈ ಹಿಂದಕ್ಕೆಳೆಯದೆ.

ನಾನು ನುಂಗಿದ್ದು ಬೀಜವನ್ನೋ ಸಿಪ್ಪೆಯನ್ನೋ.
ಆಮೇಲೆ ನೌಕೆ ಒಂದು ನಕ್ಷತ್ರದ ಹೊಟ್ಟೆಗೇ ಹೊಕ್ಕು
ಬಣ್ಣ ಕೂಡ ಮಾಸದೆ ಆಚೆ ಬಂತಂತೆ.
ಅಂತೆ ಏನು, ನಾನೇ ನೋಡಿದೆ,
ಸೀಟಿನ ತುದಿಗೆ ಬಂದು,
"ಹೊಡಿ, ಹೊಡಿ, ಇನ್ನೂ ಜೋರು" ಎಂದು
ನನ್ನ ವಿದ್ಯಾರ್ಥಿಗಳು ತಿರುಗಿ ನೋಡುವಷ್ಟು ಕೂಗುತ್ತ.

ಸೋಮವಾರ ಜೇಬು ಕೊಡವಿದೆ:
ಹದಿನಾಲ್ಕು ಸಿಪ್ಪೆ, ಒಂದು ಬಸ್ ಟಿಕೇಟು.
ಮಕ್ಕಳು ಇಪ್ಪತ್ತಮೂರು ತಪ್ಪು ಹೇಳಿ ಗೆದ್ದರು.
ಬೋರ್ಡಿನ ಮೇಲೆ ಬರೆದೆ:
ಸದ್ದು ಸಾಗಲು ನಡುವೆ ಏನಾದರೊಂದು ಇರಬೇಕು.
ಉದಾಹರಣೆ?
ಗಾಳಿ, ಅಂದವು. ನೀರು. ರೈಲುಹಳಿ.
ಎಲ್ಲಕ್ಕೂ ಪೂರ್ತಿ ಅಂಕ ಕೊಟ್ಟೆ.
ಇನ್ನೊಂದಿದೆ ಎನ್ನಲು ಬಾಯಿ ತೆರೆದು,
ಸೀಮೆಸುಣ್ಣದ ಕೈಯನ್ನು
ಸುಮ್ಮನೆ ಕೋಟಿಗೆ ಒರೆಸಿಕೊಂಡೆ.