ಐದು ನಿಮಿಷಕ್ಕೊಮ್ಮೆ

ಮೂವತ್ತೆರಡು ಮನೆ ಈ ಒಂದು ತಂತಿಗೆ.
ಸೊನ್ನೆ ನಂಬರಿನದು ಬರೀ ತಾಳ ಹಾಕುತ್ತದೆ,
ಹದಿನಾರನೆಯದು
ಯಾರು ಯಾರನ್ನು ಕರೆದರೆಂದು ಪಿಸುಗುಟ್ಟುತ್ತದೆ.
ಮಿಕ್ಕ ಮೂವತ್ತರಲ್ಲಿ ಮಾತು,
ಮುಷ್ ಬಡಾವಣೆಯಿಂದ ಹೊರಗೆ ಹೋಗುವ
ಒಳಗೆ ಬರುವ ಅಷ್ಟೂ ಮಾತು.

ಕದ್ದು ಕೇಳುವುದು ನನ್ನ ಕೆಲಸವಲ್ಲ.
ಎಷ್ಟು ಮನೆಯಲ್ಲಿ ದೀಪ ಉರಿಯುತ್ತಿದೆ, ಅಷ್ಟೇ.
ಐದು ನಿಮಿಷಕ್ಕೊಮ್ಮೆ
ಗ್ಯೂಮ್ರಿಯ ಈ ಕರಿಗಲ್ಲಿನ ನೆಲಮಾಳಿಗೆಯಿಂದ
ಗೇಟ್‌ವೇಗೆ ಒಂದು ಪ್ರಶ್ನೆ ಹೊರಡುತ್ತದೆ.
ಒಂದು ಚುಕ್ಕಿ ಮೂರು ಚುಕ್ಕಿ ಆರು ಚುಕ್ಕಿ ಒಂದು
ಹೀಗೇ ಕೊಂಬೆಯಿಂದ ಕೊಂಬೆಗೆ ಹಾಯುತ್ತ
ಕೊನೆಯ ಎಲೆಯ ತೊಟ್ಟು ಹಿಡಿದು ಕೇಳುತ್ತದೆ:
ಈಗ ಎಷ್ಟು?
ಏಳು, ಎನ್ನುತ್ತದೆ ಅದು.
ಒಮ್ಮೊಮ್ಮೆ ಪ್ರಶ್ನೆಯೇ ದಾರಿಯಲ್ಲಿ ಕಳೆದುಹೋಗುತ್ತದೆ.
ಯಾರೂ ಹುಡುಕುವುದಿಲ್ಲ. ಗೆರೆಯಲ್ಲಿ ಒಂದು ಹಲ್ಲು ಬಿದ್ದ ಜಾಗ.

ಎಸ್‌ಎನ್‌ಎಂಪಿ ಅಂತ ಇದರ ಹೆಸರು.
ಹ್ರಾಚ್ಯಾ ಮಾತ್ರ ಹಾಜರಿ ಅನ್ನುತ್ತಾನೆ,
ಮೊದಲು ಮೇಷ್ಟ್ರಾಗಿದ್ದವನು,
ಈಗ ಸೂರ್ಯಕಾಂತಿ ಬೀಜದ ಸಿಪ್ಪೆಯನ್ನು
ರೌಟರಿನ ಫ್ಯಾನಿನ ಹತ್ತಿರವೇ ಉಗಿಯುತ್ತಾನೆ.

ಗೆರೆ ನನಗೆ ಬಾಯಿಪಾಠ.
ಬೆಳಿಗ್ಗೆ ಒಂಬತ್ತಕ್ಕೆ ಏರು, ಮಧ್ಯಾಹ್ನ ಊಟದ ಹಳ್ಳ,
ಕ್ರಾಸ್ನೊದಾರ್‌ನಲ್ಲಿ ಗಾರೆ ಕಲಸುವವರು
ಸಂಬಳದ ಸಂಜೆ ಮನೆಗೆ ಕರೆದರೆ ಇಪ್ಪತ್ತಾರು.
ಆಮೇಲೆ ರಾತ್ರಿ, ಎರಡು, ಎರಡು, ಒಂದು, ಎರಡು.
ಆ ಒಂದು ಯಾರೆಂದು ನಾನು ಯೋಚಿಸಬಾರದು.
ಯೋಚಿಸುತ್ತೇನೆ.

ಗುರುವಾರ ಸಿರ್ವಾರ್ದ್ ಬಂದಳು,
ಮೂರನೇ ಮಹಡಿಯವಳು, ಬೂಟಿನ ಹಿಮ ಒದರದೆ.
ರಾತ್ರಿ ನಾಲ್ಕಕ್ಕೆ ಮೂರು ಸಲ ಒತ್ತಿದೆ,
ಮೂರು ಸಲವೂ ಎಂಗೇಜು, ಅಂದಳು.
ಪರದೆಯನ್ನು ಅವಳ ಕಡೆ ತಿರುಗಿಸಿದೆ:
ನೋಡಿ ತಾಯಿ, ನಾಲ್ಕೂ ಐದಕ್ಕೆ ಎರಡು,
ನಾಲ್ಕೂ ಹತ್ತಕ್ಕೆ ಎರಡು,
ಇಪ್ಪತ್ತೆಂಟು ದಾರಿ ಖಾಲಿ ಬಿದ್ದಿದ್ದವು.
ಅವಳು ಗೆರೆ ನೋಡಲೇ ಇಲ್ಲ, ನನ್ನ ಮುಖ ನೋಡಿದಳು.
ನಾಲ್ಕೂ ಏಳಕ್ಕೆ ನೆಲ ಅಲುಗಿತಲ್ಲ,
ಆಗ ಎಲ್ಲಿದ್ದೆ ನೀನು?

ಮನೆಯಲ್ಲಿದ್ದೆ. ಬಾಗಿಲ ಚೌಕಟ್ಟಿನ ಕೆಳಗಿದ್ದೆ,
ಆ ಡಿಸೆಂಬರ್ ಕಂಡವರ ಮಕ್ಕಳಿಗೆ
ಯಾರೂ ಹೇಳಿಕೊಡದೆ ಬರುವ ಜಾಗದಲ್ಲಿ.

ಗೇಟ್‌ವೇ ಒಳಗೆ ಇನ್ನೊಂದು ಲೆಕ್ಕವಿದೆ.
ಅದಕ್ಕೆ ಈಗ ಎಂಬುದು ಗೊತ್ತಿಲ್ಲ,
ಇಲ್ಲಿಯವರೆಗೆ ಎಂಬುದಷ್ಟೇ ಗೊತ್ತು.
ಏರುತ್ತದೆ, ಇಳಿಯುವುದಿಲ್ಲ,
ಸಾಲ ಬರೆದಿಟ್ಟ ಅಂಗಡಿಯವನ ಹಾಗೆ ಮರೆಯುವುದಿಲ್ಲ.
ಅವಳು ಹೋದ ಮೇಲೆ ಅದನ್ನು ತೆರೆದೆ.
ಎರಡಕ್ಕೂ ಎರಡಕ್ಕೂ ನಡುವೆ
ಎಂಬತ್ತಮೂರು ಕರೆ.
ದಾರಿ ಸಿಗದೆ ವಾಪಸಾದವು ಹದಿನಾಲ್ಕು,
ಅದರಲ್ಲಿ ಮೂರು ಸಿರ್ವಾರ್ದಳವು.

ನಾನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ
ಇಡೀ ಬಡಾವಣೆ ಎದ್ದು ಕೂತು
ತನ್ನವರನ್ನೆಲ್ಲ ಕೂಗಿ, ಉತ್ತರ ಕೇಳಿಸಿಕೊಂಡು,
ಮತ್ತೆ ಹೊದ್ದು ಮಲಗಿತ್ತು.
ಹಾಜರಿ ಪುಸ್ತಕದಲ್ಲಿ ಊರು ಗೊರಕೆ ಹೊಡೆಯುತ್ತಿತ್ತು.

ಒಂದು ನಿಮಿಷಕ್ಕೊಮ್ಮೆ ಕೇಳೋಣವೇ, ಅಂದೆ.
ಕೇಳು, ಅಂದ ಹ್ರಾಚ್ಯಾ, ಸಿಪ್ಪೆ ಉಗಿದು,
ನಡುಕ ಇದ್ದದ್ದು ಹನ್ನೆರಡು ಸೆಕೆಂಡು.

ಇನ್ನೊಂದು ತಂತಿ ಬೇಕೆಂದು ಯೆರೆವಾನಿಗೆ ಅರ್ಜಿ ಬರೆದೆ.
ಪುರಾವೆ ಎಂಬಲ್ಲಿ ಎಂಬತ್ತಮೂರು, ಹದಿನಾಲ್ಕು.
ಇಂಥ ರಾತ್ರಿ ವರ್ಷಕ್ಕೆಷ್ಟು ಎಂಬಲ್ಲಿ
ಪೆನ್ನು ತುಂಬ ಹೊತ್ತು ನಿಂತಿತು.

ನಾಲ್ಕೂ ಎಂಟಕ್ಕೆ
ಎರಡು ವರ್ಷದಿಂದ ಮಾತು ಬಿಟ್ಟ ಸಾಮ್ವೆಲ್‌ಗೆ
ಯಾರೋ ಕರೆ ಮಾಡಿದ್ದರು.
ಎದ್ದಿದ್ದೀಯಾ?
ಹೂಂ.
ಗೋಡೆ?
ನಿಂತಿದೆ. ನಿನ್ನದು?
ನಿಂತಿದೆ.
ಸರಿ, ಮಲಗು.
ಒಂಬತ್ತು ಸೆಕೆಂಡು.

ಅದನ್ನು ಅರ್ಜಿಯಲ್ಲಿ ಬರೆಯಲಿಲ್ಲ.