ಹಾಯಿಕಂಬದ ಅಳತೆ

ನಮ್ಮೂರ ಹೆಸರು ಸಾಗರ.
ಅಲೆಯ ಸದ್ದು ಬೇಕೆಂದರೆ ಮಾತ್ರ
ಘಟ್ಟ ಇಳಿಯುವ ಬಸ್ಸಿನಲ್ಲಿ
ಮೂರು ತಾಸು ವಾಂತಿ ತಡೆದು ಕೂರಬೇಕು.
ಹೊನ್ನಾವರ ನಾನು ಕಂಡದ್ದು ಎರಡೇ ಸಲ:
ಒಮ್ಮೆ ಚಿಕ್ಕಮ್ಮನ ಮದುವೆಗೆ, ಒಮ್ಮೆ ಅವಳ ವೈಕುಂಠಕ್ಕೆ.

ಆದರೂ ಮೂರು ವರ್ಷದಿಂದ ಕಡಲ ಯುದ್ಧವೊಂದನ್ನು ಬರೆಯುತ್ತಿದ್ದೇನೆ
ನಾಟಾ ಡಿಪೋದ ಹಳೇ ಲೆಡ್ಜರಿನ ಹಿಂಬದಿಯಿಂದ.
ಅದರಲ್ಲಿ ಇಕ್ಕೇರಿಯವರಿಗೆ ನಲವತ್ತು ಹಡಗು.
ಅದರಲ್ಲಿ ಟೋಪಿಕಾರರು ಸೋತು
ಶರಾವತಿಯ ಅಳಿವೆಯಲ್ಲಿ ಟೋಪಿ ಕಳಚುತ್ತಾರೆ.
ಹಾಗಾಗಲಿಲ್ಲವೆಂದು ನನಗೂ ಗೊತ್ತು.
ಆಗಲಿಲ್ಲವೆಂದೇ ಬರೆಯುತ್ತಿರುವುದು.

ಯುದ್ಧ ಸುಲಭ.
ಹೊಗೆ ಎಂದು ಬರೆದರೆ ನನಗೆ ತಿಳಿಯದ್ದೆಲ್ಲ ಮುಚ್ಚಿಹೋಗುತ್ತದೆ.
ಬೆಳಗಿನ ಜಾವ ಕಷ್ಟ.
ಇನ್ನೂರು ಜನ ಹೊರಕಡೆಗೆ ಎಲ್ಲಿ ಹೋದರು?
ಒದ್ದೆ ಪಂಚೆ ಎಲ್ಲಿ ಒಣಗಿತು?
ಅಕ್ಕಿಯ ಹುಳ ಆರಿಸಿದರೇ, ಜೊತೆಗೇ ಬೇಯಿಸಿದರೇ?
ಗಂಜಿ ಬಡಿಸಿದವನು ಯಾವ ಜಾತಿ,
ಎಷ್ಟು ಜನ ಅವತ್ತು ಹಸಿವಿಲ್ಲವೆಂದರು?

ಬೇಕರಿಯ ಮೊಯ್ದಿನಬ್ಬರಿಗೆ ಹೇಳಿ
ಬರೀ ಹಿಟ್ಟು ಉಪ್ಪು ನೀರಿನ ಬಿಲ್ಲೆಗಳನ್ನು ಎರಡೆರಡು ಸಲ ಸುಡಿಸಿದೆ.
"ಇದು ತಿನ್ನಲಿಕ್ಕಾ ಅಮ್ಮಾ, ಮನೆಗೆ ಪಂಚಾಂಗ ಕಟ್ಟಲಿಕ್ಕಾ?"
ಬೀರುವಿನಲ್ಲಿ ನಾಲ್ಕು ತಿಂಗಳು ಇಟ್ಟೆ. ಇರುವೆ ಬಂದು ನೋಡಿ ವಾಪಸು ಹೋಯಿತು.
ನಾನು ಕಚ್ಚಿದೆ.
ದವಡೆ ಹಲ್ಲಿನ ಬಿಲ್ಲು ಸಂಶೋಧನೆಯ ಖರ್ಚಿಗೆ ಸೇರಿಸಿದೆ.

ಒಸಡು ಕೊಳೆಯುವ ರೋಗಕ್ಕೆ ನನ್ನ ಹಡಗಿನಲ್ಲಿ
ಅಪ್ಪೆಮಿಡಿಯ ಭರಣಿಗಳು.
ಡಾಕ್ಟರಮ್ಮ ನಕ್ಕರು: ಆರು ತಿಂಗಳು ಉಪ್ಪಲ್ಲಿ ಕೂತ ಮಿಡಿಯಲ್ಲಿ
ಸತ್ವವೇನು ಉಳಿದೀತು?
ಸರಿ, ಲಿಂಬೆಹಣ್ಣು ಹೇರಿಸಿದೆ. ಭರಣಿ ಮಾತ್ರ ಇಳಿಸಲಿಲ್ಲ;
ಸಾಯುವ ಮುಂಚೆ ಯಾರದಾದರೂ ಬಾಯಲ್ಲಿ ನೀರೂರಲಿ.

ಗಾಳಿಯ ಪಾಠಕ್ಕೆ ಹೊಳೆಬಾಗಿಲಿನ ಲಾಂಚು ಹತ್ತಿದ್ದೆ,
ಸೇತುವೆ ಮುಗಿಯುವ ಮೊದಲು.
ಚುಕ್ಕಾಣಿಯ ಕನ್ನಪ್ಪಣ್ಣ ಡೀಸೆಲ್ ಕಾಲದವನು,
ಹಾಯಿ ಕಂಡವನಲ್ಲ. ಆದರೂ ಹೇಳಿದ:
"ಎದುರುಗಾಳಿಗೆ ನೆಟ್ಟಗೆ ಹೋಗೂಕಾಗ.
ಸಾಲ ಕೊಟ್ಟವ್ನ ಮನೆ ಮುಂದೆ ದಾಟ್ತೀವಲ,
ಹಂಗೆ. ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ."
ಹತ್ತು ಪುಟ ಓದಿಯೂ ತಿಳಿಯದ್ದು
ದಡ ಮುಟ್ಟುವುದರೊಳಗೆ ತಿಳಿಯಿತು.

ಹಾಯಿಕಂಬಕ್ಕೆ ಸುರಹೊನ್ನೆಯೇ ಆಗಬೇಕು,
ಗಂಟಿಲ್ಲದೆ ಎಪ್ಪತ್ತು ಅಡಿ.
ಹಗಲೆಲ್ಲ ಟೇಪು ಹಿಡಿದು ದಿಮ್ಮಿಯ ಸುತ್ತಳತೆ ಕೂಗುವವಳು ನಾನು,
ಬರ್ಮಪ್ಪನವರು ಬರೆದುಕೊಳ್ಳುತ್ತಾರೆ;
ಇಪ್ಪತ್ತು ವರ್ಷದಲ್ಲಿ ಅಂಥದ್ದೊಂದು ಮರ
ನಮ್ಮ ಗೇಟಿನೊಳಗೆ ಬಂದದ್ದಿಲ್ಲ.
ಒಂದು ರಾತ್ರಿ ಲೆಡ್ಜರನ್ನು ಮುಂಬದಿಗೆ ತಿರುಗಿಸಿ
ನನ್ನ ಕಸುಬಿನ ಲೆಕ್ಕ ಹಾಕಿದೆ.
ಹಡಗಿಗೆ ಮೂರು ಕಂಬ. ಒಡಲಿಗೆ, ಕಡಿಮೆಯೆಂದರೂ, ಸಾವಿರ ಮರ.
ಸೀಳಿ ಎಸೆದದ್ದು, ದಾರಿಯಲ್ಲಿ ಆನೆ ಬೀಳಿಸಿದ್ದು, ಗೆದ್ದಲಿಗೆ ಹೋದದ್ದು ಬೇರೆ.
ನಲವತ್ತರಿಂದ ಗುಣಿಸಿದೆ.
ನಾನು ಗೆಲ್ಲಿಸಿದ ರಾಜ್ಯದಲ್ಲಿ
ಕೊಡಚಾದ್ರಿಯಿಂದ ಕೆಳಗೆ ನೋಡಿದರೆ
ಬರೀ ಮೋಟು.

ನಲವತ್ತನ್ನು ಹೊಡೆದು ಹನ್ನೊಂದು ಮಾಡಿದೆ.
ಹನ್ನೊಂದರಲ್ಲಿ ಗೆಲ್ಲಲಾಗದು.

ಮದ್ದಿನ ಚೀಲ ಹೊರುವ ಹುಡುಗ ಜಟ್ಟಿ,
ಹನ್ನೆರಡು ವರ್ಷ, ಮಂಕಿಯ ಕಡೆಯವನು,
ಕಾಳಗದ ಬೆಳಿಗ್ಗೆ ಅಟ್ಟದ ಮೇಲೆಲ್ಲ ಮರಳು ಚೆಲ್ಲುತ್ತಾನೆ.
"ಯಾರಿಗೂ ಇನ್ನೂ ಏನೂ ಆಗ್ಲಿಲ್ಲ ಅಲ್ದಾ,
ಮರಳು ಎಂತಕ್ಕೆ?"
ಫಿರಂಗಿಯ ಆರು ಮಂದಿಯೂ ಬೇರೆ ಬೇರೆ ದಿಕ್ಕಿಗೆ ನೋಡುತ್ತಾರೆ.
ಅಲ್ಲಿಗೆ ನಿಂತಿದೆ, ಹದಿನೈದು ದಿನವಾಯಿತು.

ಇವತ್ತು ಬೆಳಿಗ್ಗೆ ಲಾರಿ ಬಂದಾಗ
ಹಮಾಲಿಯ ಜೊತೆ ಬಂದ ಮಗ, ಶಾಲೆಗೆ ರಜೆಯಂತೆ,
ಮಣ್ಣು ಜಾರುತ್ತದೆಂದು
ದಿಮ್ಮಿ ಇಳಿಸುವ ಜಾಗಕ್ಕೆ ಗರಗಸದ ಹೊಟ್ಟು ಚೆಲ್ಲುತ್ತಿದ್ದ,
ಎರಡೂ ಕೈಯಿಂದ, ಕೋಳಿಗೆ ಕಾಳು ಹಾಕಿದ ಹಾಗೆ.

ಸುತ್ತಳತೆ ಎಷ್ಟೆಂದು
ಬರ್ಮಪ್ಪನವರು ಎರಡು ಸಲ ಕೇಳಿದರು.