ಬಾನೆಟ್ಟಿಗೊಂದು ಕಂಬಳಿ

ಹೊಳಲ್ಕೆರೆ ರಸ್ತೆಯ ಗ್ಯಾರೇಜಿನಲ್ಲಿ
ಖಲಂದರ್ ಸಾಬರು ರೇಡಿಯೇಟರಿನ ಮುಚ್ಚಳ ತಿರುವಿ
ಬಾವಿಗೆ ಬಗ್ಗಿದಂತೆ ಬಗ್ಗಿ ನೋಡುತ್ತಾರೆ.
'ನೀರು ಸಾಕಾಗಲ್ವಾ ಸಿಸ್ಟರ್?
ಇಪ್ಪತ್ತು ವರ್ಷ ಈ ಊರಿನ ಗಾಡಿಗೆ ನೀರೇ ಹಾಕಿದೀನಿ.'

ಸಾಲದು, ಎನ್ನುತ್ತೇನೆ. ನಾವು ಹೋಗುವ ಕಡೆ
ರಾತ್ರಿ ನೀರು ಕಲ್ಲಾಗುತ್ತದಂತೆ.

ಅವರು ನಕ್ಕರು. ಗ್ರೀಸು ಮೆತ್ತಿದ ಬೆರಳೆತ್ತಿ
ಕೋಟೆಯ ಕಡೆ ತೋರಿಸಿದರು:
'ಕಲ್ಲು ನೋಡೋಕೆ ಇಲ್ಲಿಂದ ಯಾಕೆ ಹೋಗ್ಬೇಕು?'

ಪಾಲಕ್ಕ ನಗಲಿಲ್ಲ. ಪಾಲಕ್ಕ ಗಾಡಿಯ ಕೆಳಗಿದ್ದಳು,
ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಯಲ್ಲಿ ಟಾರ್ಚು ಕಚ್ಚಿ
ಸೈಲೆನ್ಸರಿನ ತುಕ್ಕು ಕೆರೆಯುತ್ತ.
ಗಾಡಿ ಅವಳದು, ಓಡಿಸುವವಳೂ ಅವಳೇ;
ನನಗೆ ಬರುವುದು ಪಟ್ಟಿ ಬರೆಯುವುದು,
ಎಡಕ್ಕೆ ಎನ್ನುವುದು, ಬಲಕ್ಕೆ ಎನ್ನುವುದು,
ಅವಳಿಗೆ ನಿದ್ದೆ ಬಾರದ ಹಾಗೆ ಮಾತಾಡುವುದು.

ಮೂವತ್ತೊಂದು ವರ್ಷ ನಾವಿಬ್ಬರೂ
ನೀಲಿ ಪೆಟ್ಟಿಗೆಯಲ್ಲಿ ಐಸು ಹೊತ್ತವರು.
ಪರಶುರಾಂಪುರ, ಘಟಪರ್ತಿ, ರಾಮಜೋಗಿಹಳ್ಳಿ,
ಬಸ್ಸಿಳಿದು ನಡೆದ ಬಿಸಿಲಿನಲ್ಲಿ
ಸೆರಗನ್ನು ನಮ್ಮ ತಲೆಗಲ್ಲ, ಪೆಟ್ಟಿಗೆಗೆ ಹೊದಿಸಿದವರು.
ಸಂಜೆ ಅಲುಗಾಡಿಸಿದರೆ ಒಳಗೆ
ಗುಳುಗುಳು.

ನಿವೃತ್ತಿಯ ದಿನ ಹಾರ ತೆಗೆಯುತ್ತ ಅಂದಿದ್ದಳು:
'ಒಂದ್ಸಲ ಕರಗದೇ ಇರೋ ಐಸು ನೋಡ್ಬೇಕು ಕಣೇ.'
ಅಷ್ಟೇ. ಅದಾಗಿ ಎರಡು ಚಳಿಗಾಲ ಸುಮ್ಮನಿದ್ದೆವು:
ನನ್ನ ಮಂಡಿ, ಅವಳ ಮೊಮ್ಮಗಳ ನಾಮಕರಣ, ಗಾಡಿಯ ಕ್ಲಚ್ಚು.

ಈಗ ಬ್ಯಾಟರಿ ಹೊಸದು. ಹಳೆಯದರ ತುದಿಯಲ್ಲಿ
ಬೂದಿ ಬಣ್ಣದ ಹೂವು ಅರಳಿತ್ತು.
ಚಳಿಗೆ ಮೊದಲು ಸಾಯೋದು ಇದೇ ಎಂದರು ಸಾಬರು.
ಟೈರಿನ ಗೆರೆಯೊಳಗೆ ಒಂದು ರೂಪಾಯಿ ನಾಣ್ಯ ಇಳಿಸಿ
ಆಳ ನೋಡಿದಳು ಪಾಲಕ್ಕ,
ಅಂಗನವಾಡಿಯಲ್ಲಿ ಕೂಸುಗಳ ತೋಳಿಗೆ
ಪಟ್ಟಿ ಸುತ್ತಿ ಅಳೆಯುತ್ತಿದ್ದ ಅದೇ ಮುಖ.

ಕೂಲಂಟು ದಾವಣಗೆರೆಯಿಂದ ಬಂತು,
ಕಂಡಕ್ಟರನ ಕಾಲ ಬಳಿ ಕೂತು.
ಹಸಿರು. ಮಕ್ಕಳ ಷರಬತ್ತಿನ ಹಸಿರು.
ಡಬ್ಬದ ಮೇಲಿನದನ್ನು ಓದಿ ಹೇಳಿದೆ:
ಬೇಸಿಗೆಯಲ್ಲಿ ಕುದಿಯಗೊಡುವುದಿಲ್ಲ,
ಚಳಿಯಲ್ಲಿ ಗಟ್ಟಿಯಾಗಗೊಡುವುದಿಲ್ಲ.
'ಎರಡಕ್ಕೂ ಇದೊಂದೇನಾ?'
ಸಾಬರು ಬಹಳ ಹೊತ್ತು ಡಬ್ಬ ಹಿಡಿದೇ ನಿಂತಿದ್ದರು.
'ಮನುಷ್ಯರಿಗೆ ಬರಲ್ವಾ ಸಿಸ್ಟರ್, ಇಂಥದ್ದು?'

ಚಳ್ಳಕೆರೆಯಲ್ಲಿ ಕಂಬಳಿ ಮೊಳ ಹಾಕುತ್ತ
ಕಾಟಯ್ಯ ಕೇಳಿದ, ಯಾರಿಗೆ, ಎತ್ತರ ಎಷ್ಟು?
ರಾತ್ರಿ ಗಾಡಿಯ ಮೂತಿಗೆ ಹೊದಿಸೋಕೆ, ಎಂದಳು ಪಾಲಕ್ಕ.
ಅವನು ನಗುವ ಮುಂಚೆ ತುಸು ಯೋಚಿಸಿ
'ಹಂಗಾರೆ ಕರೇದು ತಗಳ್ಳಿ, ಎಣ್ಣೆ ಕಲೆ ಕಾಣಲ್ಲ' ಎಂದು
ದಪ್ಪದ್ದೊಂದನ್ನು ಅಡಿಯಿಂದ ಎಳೆದ.
ಕುರಿಯ ವಾಸನೆ ಇನ್ನೂ ಅದರಲ್ಲಿ ಎದ್ದು ಕೂತಿತ್ತು.

ಡಿಕ್ಕಿಯಲ್ಲಿ ಜಾಕು, ಹಗ್ಗ, ಫ್ಯಾನ್ ಬೆಲ್ಟು,
ಕಟಕ ರೊಟ್ಟಿ, ಗುರೆಳ್ಳು ಪುಡಿ, ಮಂಡಕ್ಕಿ ಒಂದು ಚೀಲ.
ಮಂಡಕ್ಕಿ ಹೆಚ್ಚಾಯಿತು ಎಂದೆ.
ಗಾಜಿಗೆ ತೇವ ಹಿಡಿದರೆ ಹೀರುತ್ತೆ ಎಂದಳು.
ಸುಳ್ಳು. ಅವಳಿಗೆ ಮಂಡಕ್ಕಿ ಇಷ್ಟ.

ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿದ್ದು
ಆ ನೀಲಿ ಪೆಟ್ಟಿಗೆ,
ಕೆಲಸಕ್ಕೆ ಬಾರದ್ದು ಎಂದು ರಿಜಿಸ್ಟರಿನಲ್ಲಿ ಬರೆಸಿ ತಂದದ್ದು.
ಹೋಗುವಾಗ ಖಾಲಿ.
ನಾನು ಲೆಕ್ಕ ಹೇಳಿದೆ: ಆರು ದಿನದ ದಾರಿ,
ನರ್ಮದೆ ದಾಟುವ ಮೊದಲೇ ಎಲ್ಲ ನೀರು.
ಪಾಲಕ್ಕ ವೈಪರ್ ಎತ್ತಿ ಬಿಟ್ಟು, ಎತ್ತಿ ಬಿಟ್ಟು
ರಬ್ಬರು ನೋಡುತ್ತಿದ್ದಳು.

ಬೆಳಗಿನ ಐದು. ಬೆಟ್ಟವಿದ್ದ ಕಡೆ ಬೆಟ್ಟವಿಲ್ಲ,
ಬರೀ ಮಂಜು; ಅದರೊಳಗೆ ಎತ್ತರದಲ್ಲೆಲ್ಲೋ
ಗಾಳಿಯಂತ್ರದ್ದೊಂದು ಕೆಂಪು ದೀಪ.
ಸ್ವೆಟರಿನ ಮೇಲೆ ಸ್ವೆಟರು ತೊಟ್ಟ ಸಾಬರು
ಬಾನೆಟ್ಟು ತಟ್ಟಿ ಮುಚ್ಚಿ
ಪೆಟ್ಟಿಗೆಯ ಕಡೆ ನೋಡಿ ಹೇಳಿದರು:
'ನೀರಾಗಿದ್ರೂ ಚೆಲ್ಬೇಡಿ.
ತನ್ನಿ. ವೈಪರ್ ಡಬ್ಬಿಗೆ ಹಾಕ್ತೀನಿ.'

ಮೊದಲ ಸಲ ಕೆಮ್ಮಿತು. ಎರಡನೆಯ ಸಲವೂ.
ಮೂರನೆಯದಕ್ಕೆ ಪಾಲಕ್ಕ
ಸೂಜಿ ಚುಚ್ಚುವ ಮೊದಲು ಕೂಸಿಗೆ ಹೇಳುತ್ತಿದ್ದದ್ದನ್ನೇ
ಗಾಡಿಗೆ ಹೇಳಿದಳು:
ಆಯ್ತು ಕಂದ, ಆಯ್ತು, ಆಗೇ ಹೋಯ್ತು.